ಮಾತೃಸ್ಮರಣೆಯೂ ಸ್ವಭಾವೋಕ್ತಿಯೂ

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲವು ಸಂತಾನ ವೇಣುಗೋಪಾಲಸ್ವಾಮಿಯ ಸನ್ನಿಧಿಯಿಂದ ಪ್ರಸಿದ್ಧವಾದ ಗ್ರಾಮ. ಕೌಂಡಿನ್ಯ ಮಹರ್ಷಿಗಳು ತಪಸ್ಸು ಮಾಡಿದ ಕ್ಷೇತ್ರವೆಂದು ಸ್ಥಳಪುರಾಣವು ಇದನ್ನು ಕೊಂಡಾಡುತ್ತದೆ. ಮಕ್ಕಳಿಲ್ಲದ ದಂಪತಿಗಳು ಹರಕೆ ಹೊತ್ತು ಇಲ್ಲಿಗೆ ಬರುವುದೂ, ಮಗುವಾದ ಮೇಲೆ ಅದನ್ನೆತ್ತಿಕೊಂಡು ಹರಕೆಯನ್ನೊಪ್ಪಿಸಲು ಮರಳಿ ಬರುವುದೂ ನಡೆದುಬಂದ ರೂಢಿ. ಹೆಣ್ಣುಮಕ್ಕಳೇ ಹುಟ್ಟುತ್ತಿದ್ದ ಅರಸನೊಬ್ಬನು ಸ್ವಾಮಿಯಲ್ಲಿ ಮೊರೆಯಿಡಲು ಆತನ ಕಡೆಯ ಮಗಳು ಗಂಡಾಗಿ ಮಾರ್ಪಟ್ಟಳೆಂಬ ಕಥೆಯನ್ನು ಅಲ್ಲಿ ಹೇಳುವರು. ಅದರ ಸತ್ಯಾಸತ್ಯವಿಚಾರವು ಇಲ್ಲಿ ಅಪ್ರಕೃತ. ಕಥೆಯಲ್ಲಿ ಅರಸನ ಚಿಂತೆಯುಂಟು, ದೇವರ ಕಾರುಣ್ಯವುಂಟು, ಮಗುವಿನ ರೂಪಾಂತರವುಂಟು; ಅಷ್ಟು ಮಕ್ಕಳನ್ನು ಹೆತ್ತ ರಾಣಿಯು ಏನೆಂದುಕೊಂಡಳೆಂಬ ಪ್ರಸ್ತಾಪವು ಮಾತ್ರ ಸಾಮಾನ್ಯವಾಗಿ ಕೇಳಿಬರುವುದಿಲ್ಲ. ತಾಯಾಗಬೇಕೆಂಬ ಹಂಬಲದಿಂದಲೇ ಹೆಂಗಸರು ಹೊಸ್ತಿಲು ತುಳಿಯುವ ಗುಡಿಯ ಕಥೆಯಲ್ಲಿ ತಾಯಿಗೆ ಮಾತಿಲ್ಲದಿರುವುದು ವಿಚಾರಮಾಡತಕ್ಕ ಸಂಗತಿಯಾಗಿದೆ.

ಈ ಕೊರತೆಯು ಪುರಾಣಕ್ಕೆ ಮಾತ್ರ ಸೇರಿದ್ದಲ್ಲ. ದೈವಭಕ್ತೆಯಾಗಿ, ಗೃಹಕೃತ್ಯದಲ್ಲಿಯೇ ಆಯುಷ್ಯವನ್ನು ಸವೆಸಿ, ಮಕ್ಕಳನ್ನು ಮನುಷ್ಯರನ್ನಾಗಿ ಮಾಡಿ ತೀರಿಕೊಂಡ ತಾಯಂದಿರನ್ನು ಕುರಿತು ನಮ್ಮಲ್ಲಿ ಬರೆಯುವುದು ಕಡಿಮೆಯೇನೂ ಇಲ್ಲ. ವೈಕುಂಠ ಸಮಾರಾಧನೆಯ ದಿನ ಹಂಚುವ ಕಿರುಹೊತ್ತಗೆಗಳು, ವರ್ಷಾಬ್ದಿಕದ ಸ್ಮರಣಸಂಚಿಕೆಗಳು, ಪತ್ರಿಕೆಯ ಶ್ರದ್ಧಾಂಜಲಿಗಳು, ಗ್ರಂಥಗಳ ಆರಂಭದಲ್ಲಿ ಕಾಣುವ ಅರ್ಪಣಪತ್ರಗಳು ಇವೆಲ್ಲವೂ ಇದೇ ಜಾತಿಗೆ ಸೇರಿದುವು. ಇವನ್ನು ಸಾಹಿತ್ಯವೆಂದು ಎಣಿಸಿ ವಿಮರ್ಶಿಸುವ ವಾಡಿಕೆ ಇಲ್ಲದೆ ಹೋದದ್ದರಿಂದ ಇವುಗಳ ಗುಣದೋಷವಿವೇಚನೆಯೇ ನಡೆಯದೆ ನಿಂತಿದೆ. ದುಃಖದಲ್ಲಿರುವವನು ಬರೆದುದನ್ನು ತೂಗಿನೋಡುವುದು ನಿರ್ದಯತೆಯೆಂದು ಕೆಲವರಿಗೆ ತೋರಬಹುದು. ಆದರೆ ತಾಯಿಯನ್ನು ಲೋಕದ ಮುಂದೆ ನಿಲ್ಲಿಸುವುದು ಅದೊಂದೇ ಬರಹವಾಗಿರುವಾಗ, ಅಲ್ಲಿ ನಿಂತವಳು ಆಕೆಯೇ ಹೌದೋ ಅಲ್ಲವೋ ಎಂದು ಕೇಳದಿರುವುದು ಅದಕ್ಕಿಂತ ಹೆಚ್ಚಿನ ನಿರ್ದಯತೆಯಲ್ಲವೆ?

ತರ್ಕಶಾಸ್ತ್ರದ ಮೊದಲ ಪಾಠವನ್ನು ಓದಿದ ಬಾಲಕನೂ ಲಕ್ಷಣದ ಮೂರು ದೋಷಗಳನ್ನು ಬಲ್ಲನು: ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ. ಹಸುವಿಗೆ ಕೊಂಬಿರುವುದೇ ಲಕ್ಷಣವೆಂದರೆ ಅದು ಎಮ್ಮೆಗೂ ಸಲ್ಲುವುದರಿಂದ ಅತಿವ್ಯಾಪ್ತಿ. ಸ್ಮರಣಸಂಚಿಕೆಗಳಲ್ಲಿ ದೊರೆಯುವ ತಾಯಿಯ ವರ್ಣನೆಯಲ್ಲಿ ತೊಂಬತ್ತು ಪಾಲು ಈ ದೋಷಕ್ಕೆ ಗುರಿಯಾದುದು. ‘ಸಾಧ್ವಿಯೂ, ಪತಿಭಕ್ತಿಪರಾಯಣೆಯೂ, ಅತಿಥಿಸತ್ಕಾರನಿರತೆಯೂ, ಸಾಕ್ಷಾತ್ ಅನ್ನಪೂರ್ಣೆಯೂ ಆಗಿದ್ದರು’ ಎಂಬಂಥ ವಾಕ್ಯವನ್ನು ಬರೆದು, ಹೆಸರಿದ್ದ ಸ್ಥಳದಲ್ಲಿ ಬೇರೆ ಹೆಸರನ್ನು ಹಾಕಿದರೆ ಆ ವಾಕ್ಯವು ಲೇಶವೂ ಕದಲದೆ ನಿಲ್ಲುತ್ತದೆ. ಯಾವ ಮಾತನ್ನು ಯಾರ ತಾಯಿಗಾದರೂ ಹೇಳಬಹುದೋ ಅದು ಈ ತಾಯಿಯ ವಿಷಯದಲ್ಲಿ ಏನನ್ನೂ ಹೇಳಿದಂತಾಗಲಿಲ್ಲ. ಮೂವತ್ತು ವರುಷ ಜೊತೆಯಲ್ಲಿದ್ದ ಮಗನು ಬರೆದುದೂ, ಮುಖವನ್ನೇ ಕಾಣದ ಮುದ್ರಣಾಲಯದ ಗುಮಾಸ್ತೆಯು ಬರೆದುದೂ ಒಂದೇ ಆಗಿಬಿಡುತ್ತದೆ.

ಧರ್ಮವು ಬೇರೆಯಾದರೂ ದೋಷವು ಬೇರೆಯಾಗುವುದಿಲ್ಲ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಸ್ತಿಭಾರವನ್ನಿಟ್ಟ ಸಂತ ಫಿಲೋಮಿನಾ ದೇವಾಲಯಕ್ಕೆ ತಪ್ಪದೆ ನಡೆದುಹೋಗುತ್ತಿದ್ದ ತಾಯಂದಿರೂ, ಕೃಷ್ಣರಾಜನಗರ ತಾಲ್ಲೂಕಿನ ಡೋರನಹಳ್ಳಿಯಲ್ಲಿ ಸಂತ ಅಂತೋಣಿಯ ಸನ್ನಿಧಿಗೆ ಹರಕೆ ಹೊತ್ತ ತಾಯಂದಿರೂ ಈ ಸೀಮೆಯವರೇ. ಹೆಮ್ಮರಗಾಲದ ಗುಡಿಗೆ ಹೋಗುವವಳಿಗೂ ಡೋರನಹಳ್ಳಿಯ ಇಗರ್ಜಿಗೆ ಹೋಗುವವಳಿಗೂ ಬೇಡಿಕೆಯಲ್ಲಿ ಭೇದವಿಲ್ಲ. ಮಕ್ಕಳಾಗಲಿ, ಆದ ಮಕ್ಕಳು ಬಾಳಲಿ ಎಂಬುದೇ. ಅವರು ತೀರಿಕೊಂಡಾಗ ಬರೆಯುವ ಮಾತಿನಲ್ಲಿಯೂ ಭೇದವಿಲ್ಲ. ಒಂದೆಡೆ ‘ಪರಮಾತ್ಮನಲ್ಲಿ ಲೀನರಾದರು’, ಇನ್ನೊಂದೆಡೆ ‘ಪ್ರಭುವಿನಲ್ಲಿ ನಿದ್ರೆಹೋದರು’. ಒಂದೆಡೆ ಅನಸೂಯೆಯ ಹೋಲಿಕೆ, ಇನ್ನೊಂದೆಡೆ ಸಂತ ಮೋನಿಕಳ ಹೋಲಿಕೆ. ಇಲ್ಲಿ ಒಂದು ಚೋದ್ಯವಿದೆ. ಕ್ರೈಸ್ತಗೃಹಿಣಿಯರನ್ನು ಹೊಗಳಲು ಯಾವ ಮೋನಿಕಳ ಹೆಸರನ್ನು ಉಪಯೋಗಿಸುವರೋ, ಆ ಮೋನಿಕಳನ್ನು ಕುರಿತು ಆಕೆಯ ಮಗನು ಬರೆದ ಬರಹವು ಇಂತಹ ಹೋಲಿಕೆಯ ಮಾತುಗಳಿಗೆ ನೇರ ವಿರುದ್ಧವಾದ ಮಾರ್ಗದಲ್ಲಿದೆ. ದೇವಾಲಯಕ್ಕೆ ತಪ್ಪದೆ ನಡೆದ ತಾಯಿಯ ಸ್ಮರಣೆಯೆಂಬ ವಿಷಯದಲ್ಲಿ ಲೋಕಸಾಹಿತ್ಯದ ಮಾದರಿಯೆನ್ನಬಹುದಾದ ಆ ಬರಹವನ್ನು ಕೊಂಚ ವಿಸ್ತಾರವಾಗಿ ನೋಡುವುದು ಯುಕ್ತ.

ಉತ್ತರ ಆಫ್ರಿಕಾ ಖಂಡದ ತಗಾಸ್ತೆ ಎಂಬ ಊರಿನವಳು ಮೋನಿಕ. ಆ ಊರು ಈಗಿನ ಅಲ್ಜೀರಿಯಾ ದೇಶಕ್ಕೆ ಸೇರಿದೆ. ಆಕೆಯ ಮಗನಾದ ಅಗಸ್ಟೀನನು ಕ್ರಿಸ್ತಶಕ ನಾಲ್ಕನೆಯ ಶತಮಾನವು ಮುಗಿಯುತ್ತಿದ್ದ ಕಾಲದಲ್ಲಿ ‘ಕನ್ಫೆಷನ್ಸ್’ ಎಂಬ ಹದಿಮೂರು ಭಾಗಗಳ ಆತ್ಮನಿವೇದನೆಯನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದನು. ದೇವರನ್ನೇ ಸಂಬೋಧಿಸಿ ಹೇಳಿಕೊಂಡ ಆ ಗ್ರಂಥದ ಒಂಬತ್ತನೆಯ ಭಾಗದಲ್ಲಿ ತಾಯಿಯ ಮರಣವೂ ಜೀವನಸ್ಮರಣೆಯೂ ಬರುತ್ತವೆ. ಮಗನು ಆಗ ಬಿಷಪ್ಪನಾಗಿದ್ದವನು. ತಾಯಿಯನ್ನು ದೇವತೆಯನ್ನಾಗಿ ಮಾಡಬಹುದಾಗಿತ್ತು. ಮಾಡಲಿಲ್ಲ. ಆಕೆಯ ಬಾಲ್ಯದ ಕಥೆಯಾಗಿ ಆತನು ಮೊದಲು ಹೇಳುವುದು ಏನನ್ನು? ಪೀಪಾಯಿಯಿಂದ ದ್ರಾಕ್ಷಾಮದ್ಯವನ್ನು ತರಲು ಕಳುಹಿದಾಗಲೆಲ್ಲ ಆ ಹುಡುಗಿಯು ತುಟಿಗೆ ತಾಗುವಷ್ಟನ್ನು ಗುಟ್ಟಾಗಿ ರುಚಿನೋಡುತ್ತಿದ್ದುದು, ದಿನದಿನಕ್ಕೆ ಅದು ಹೆಚ್ಚುತ್ತ ಬಂದು ಬಟ್ಟಲು ತುಂಬ ಕುಡಿಯುವಷ್ಟಾದುದು, ಒಂದು ದಿನ ಜಗಳದಲ್ಲಿ ದಾಸಿಯೊಬ್ಬಳು ‘ಕುಡುಕಿ’ ಎಂದು ಮುಖಕ್ಕೆ ಹೊಡೆದಂತೆ ಅಂದುಬಿಡಲು ನಾಚಿ ಆ ಚಾಳಿಯನ್ನು ಬಿಟ್ಟುದು! ನಮ್ಮ ಸ್ಮರಣಸಂಚಿಕೆಯ ಯಾವ ಸಂಪಾದಕನು ಈ ಸಂಗತಿಯನ್ನು ಅಚ್ಚಿಗೆ ಕೊಟ್ಟಾನು? ಆದರೆ ವಾಚಕನು ಮೋನಿಕಳನ್ನು ಒಬ್ಬ ಹುಡುಗಿಯಾಗಿ ಕಾಣುವುದು ಆ ಕ್ಷಣದಿಂದಲೇ.

ಆಕೆಯ ಭಕ್ತಿಯ ವರ್ಣನೆಯಲ್ಲಿಯೂ ಇದೇ ಕ್ರಮ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ದಿನಕ್ಕೆ ಎರಡು ಬಾರಿ ಆಕೆಯು ತಪ್ಪದೆ ದೇವಾಲಯಕ್ಕೆ ಹೋಗುತ್ತಿದ್ದಳೆಂದು ಮಗನು ಎಣಿಸಿ ಹೇಳುತ್ತಾನೆ. ಹರಟೆಗಾಗಿ ಹೋದವಳಲ್ಲವೆಂದೂ ಸೇರಿಸುತ್ತಾನೆ. ಹುತಾತ್ಮರ ಸಮಾಧಿಗಳಿಗೆ ಗಂಜಿ, ರೊಟ್ಟಿ, ಮದ್ಯಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋಗಿ ಅರ್ಪಿಸುವುದು ಆಫ್ರಿಕಾದ ರೂಢಿಯಾಗಿತ್ತು. ಆಕೆಯು ಒಂದೇ ಒಂದು ಚಿಕ್ಕ ಬಟ್ಟಲಿನಲ್ಲಿ ನೀರು ಬೆರೆಸಿದ ಮದ್ಯವನ್ನು ಒಯ್ದು ಎಲ್ಲ ಸಮಾಧಿಗಳಿಗೂ ಅದನ್ನೇ ಸಾಗಿಸುತ್ತಿದ್ದಳಂತೆ. ಮಗನ ಬೆನ್ನುಹತ್ತಿ ಇಟಲಿಯ ಮಿಲಾನ್ ನಗರಕ್ಕೆ ಬಂದ ಮೇಲೆಯೂ ಅದೇ ಬುಟ್ಟಿಯನ್ನು ಹೊತ್ತು ಹೋದಾಗ ಬಾಗಿಲು ಕಾಯುವವನು ತಡೆದು, ಅಂಬ್ರೋಸ್ ಬಿಷಪ್ಪನವರ ನಿಷೇಧವಿದೆಯೆಂದನು. ಆಕೆಯು ಎದುರಾಡದೆ ಹಿಂದಿರುಗಿದಳು. ಇಷ್ಟರಲ್ಲಿ ನಿಲ್ಲಿಸಿದ್ದರೆ ವಿಧೇಯತೆಯ ಪಾಠವೊಂದು ಆಗುತ್ತಿತ್ತು. ಆದರೆ ಮಗನು ಬಿಡದೆ ಮುಂದಿನ ಮಾತನ್ನೂ ಆಡುತ್ತಾನೆ: ನಿಷೇಧಿಸಿದವನು ತಾಯಿಗೆ ಅಂಬ್ರೋಸನಷ್ಟು ಬೇಕಾದವನಲ್ಲದೆ ಬೇರೊಬ್ಬನಾಗಿದ್ದರೆ ಆಕೆಯು ಅಷ್ಟು ಸುಲಭವಾಗಿ ಬಿಡುತ್ತಿದ್ದಳೋ ಇಲ್ಲವೋ ಎಂಬ ಸಂಶಯವನ್ನು. ಮಗನಲ್ಲದೆ ಇಂಥ ಸಂಶಯವನ್ನು ಯಾರೂ ಪಡಲಾರರು. ಹೆಮ್ಮರಗಾಲದಲ್ಲಿಯಾಗಲಿ, ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯಲ್ಲಿಯಾಗಲಿ ತಟ್ಟೆ ಹಿಡಿದು ನಿಂತ ಹಿರಿಯ ಹೆಂಗಸರನ್ನು ಕಂಡವರಿಗೆ, ಯಾವ ಅರ್ಚಕರ ಮಾತಿಗೆ ಅವರು ತಲೆಬಾಗುವರು, ಯಾವ ಅರ್ಚಕರ ಮಾತನ್ನು ಕೇಳಿಸಿಕೊಳ್ಳದಂತೆ ಇರುವರು ಎಂಬುದನ್ನು ವಿವರಿಸಬೇಕಾಗಿಲ್ಲ.

ಮೋನಿಕಳ ಬುದ್ಧಿಯ ಚುರುಕನ್ನು ತೋರುವ ಸಂಗತಿಯೊಂದು ಇನ್ನೂ ಸೊಗಸಾದುದು. ಮಗನು ಪರಮತವನ್ನು ಹಿಡಿದು ತಾಯಿಗೆ ದುಃಖವನ್ನು ತಂದಿದ್ದ ಕಾಲ. ಮರದ ಪಟ್ಟಿಯೊಂದರ ಮೇಲೆ ತಾನು ನಿಂತಿದ್ದಂತೆಯೂ, ತೇಜಸ್ವಿಯಾದ ಯುವಕನೊಬ್ಬನು ಬಂದು ‘ನೀನಿರುವೆಡೆ ನಿನ್ನ ಮಗನೂ ಇರುವನು’ ಎಂಬರ್ಥದ ಸಮಾಧಾನವನ್ನು ಹೇಳಿದಂತೆಯೂ ಆಕೆಯು ಕನಸು ಕಂಡಳು. ಕೇಳಿದ ಮಗನು, ತಾಯಿಯೇ ಮುಂದೆ ತನ್ನ ಮತಕ್ಕೆ ಬರುವಳೆಂದು ಅದಕ್ಕೆ ಅರ್ಥ ಹೇಳಿದನು. ಒಡನೆಯೇ ತಾಯಿಯೆಂದಳು: ಅವನಿರುವಲ್ಲಿ ನೀನು ಎಂದಲ್ಲ, ನೀನಿರುವಲ್ಲಿ ಅವನು ಎಂದು ಹೇಳಿದ್ದು! ವಾದವಿದ್ಯೆಯನ್ನು ಕಲಿಸಿ ಜೀವಿಸುತ್ತಿದ್ದ ಮಗನು ಕನಸಿಗಿಂತ ಈ ಉತ್ತರವೇ ತನ್ನನ್ನು ಹೆಚ್ಚಾಗಿ ತಟ್ಟಿತೆಂದು ಒಪ್ಪಿಕೊಳ್ಳುತ್ತಾನೆ. ಪಾಠಶಾಲೆಯ ಮೆಟ್ಟಿಲು ಹತ್ತದ ತಾಯಂದಿರು ಅನ್ವಯದಲ್ಲಿ ಪಂಡಿತಪುತ್ರರನ್ನು ಸೋಲಿಸುವುದು ಎಲ್ಲ ದೇಶಗಳಲ್ಲಿಯೂ ನಡೆದುಬಂದಂತೆ ಕಾಣುತ್ತದೆ.

ಆದರೆ ಎದೆ ನಡುಗಿಸುವ ಸಂದರ್ಭವು ಐದನೆಯ ಭಾಗದಲ್ಲಿದೆ. ಅಗಸ್ಟೀನನು 383ರಲ್ಲಿ ಕಾರ್ಥೇಜಿನ ಬಂದರಿನಿಂದ ರೋಮಿಗೆ ಹೊರಟನು. ತಾಯಿಯು ಬಿಡದೆ ಕಡಲ ತಡಿಯವರೆಗೆ ಬಂದು, ನಿಲ್ಲು, ಇಲ್ಲವೆ ನನ್ನನ್ನೂ ಕರೆದುಕೊಂಡು ಹೋಗು ಎಂದು ಹಿಡಿದುಕೊಂಡಳು. ಸ್ನೇಹಿತನೊಬ್ಬನನ್ನು ಬೀಳ್ಕೊಡಬೇಕು, ಗಾಳಿ ತಿರುಗುವವರೆಗೆ ಜೊತೆಯಲ್ಲಿರಬೇಕು ಎಂದು ಸುಳ್ಳು ಹೇಳಿ, ಸಂತ ಸಿಪ್ರಿಯಾನನ ಸ್ಮಾರಕದೇವಾಲಯದಲ್ಲಿ ಆ ರಾತ್ರಿ ಇರುವಂತೆ ತಾಯಿಯನ್ನು ಒಪ್ಪಿಸಿ, ಮಗನು ಗುಟ್ಟಾಗಿ ಹಡಗನ್ನೇರಿದನು. ಇತ್ತ ತಾಯಿಯು ಮಗನು ಹೋಗದಿರಲೆಂದು ರಾತ್ರಿಯೆಲ್ಲ ಆ ದೇವಾಲಯದಲ್ಲಿ ಪ್ರಾರ್ಥಿಸುತ್ತಿದ್ದಳು. ಬೆಳಗಾದಾಗ ಹಡಗು ಕಣ್ಮರೆಯಾಗಿತ್ತು. ದೇವಾಲಯಕ್ಕೆ ಹೋಗುವ ತಾಯಿಯ ವಿಷಯದಲ್ಲಿ ಎಷ್ಟು ಸಾವಿರ ಮಂದಿ ಬರೆದಿಲ್ಲ! ಆಕೆಯು ಒಳಗೆ ಪ್ರಾರ್ಥಿಸುತ್ತಿರುವಾಗ ಅದೇ ಪ್ರಾರ್ಥನೆಯ ಮರೆಯಲ್ಲಿ ಓಡಿಹೋದ ಮಗನು ತಾನೇ ಬಾಯ್ಬಿಟ್ಟು ಅದನ್ನು ಬರೆದಿಟ್ಟ ಉದಾಹರಣೆ ಬೇರೊಂದು ದೊರೆಯುವುದು ಕಷ್ಟ. ಇಲ್ಲಿ ಸ್ಮರಣೆಯೆಂಬುದು ಋಣದ ಲೆಕ್ಕವಾಗಿದೆ.

ಸನ್ಯಾಸಿಯಾದ ಮಗನ ಮಾತೃಋಣವೆಂದೊಡನೆ ನಮ್ಮವರಿಗೆ ಶಂಕರಭಗವತ್ಪಾದರ ಹೆಸರಿನಲ್ಲಿ ಪ್ರಚಾರದಲ್ಲಿರುವ ‘ಮಾತೃಪಂಚಕ’ವು ನೆನಪಿಗೆ ಬಾರದಿರದು. ಅದರ ಕರ್ತೃತ್ವದ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಯಾರದೇ ಆಗಲಿ, ಆ ಐದು ಶ್ಲೋಕಗಳ ಬಲವಿರುವುದು ವಸ್ತುಗಳಲ್ಲಿ. ಹೆರಿಗೆಯ ನೋವು, ಗರ್ಭಿಣಿಯ ಅರುಚಿ, ಬಡವಾದ ಮೈ, ಕೂಸಿನ ಹೊಲಸಿನ ಹಾಸಿಗೆಯಲ್ಲಿ ಕಳೆದ ವರ್ಷ ಇವು ಅಲ್ಲಿ ಹೆಸರಿಟ್ಟು ಹೇಳಲ್ಪಟ್ಟಿವೆ. ಮಗನು ಸನ್ಯಾಸಿಯಾದಂತೆ ಕನಸು ಕಂಡು ಗುರುಕುಲಕ್ಕೆ ಓಡಿಬಂದು ಎಲ್ಲರೆದುರಿಗೆ ಗಟ್ಟಿಯಾಗಿ ಅತ್ತ ತಾಯಿಯು ಅಲ್ಲಿದ್ದಾಳೆ. ಮುತ್ತೇ, ಕಣ್ಣೇ, ದೊರೆಯೇ ಎಂದು ಮುದ್ದಿಸಿದ ಬಾಯಿಗೆ ಕಡೆಯಲ್ಲಿ ಒಣ ಅಕ್ಕಿಯನ್ನು ಹಾಕುವ ಮಗನ ಕೈಯೂ ಅಲ್ಲಿದೆ. ವೇದಾಂತದ ಒಂದು ಪಾರಿಭಾಷಿಕ ಶಬ್ದವೂ ಅಲ್ಲಿ ಅಡ್ಡಬಂದಿಲ್ಲ. ಬ್ರಹ್ಮಸೂತ್ರಕ್ಕೆ ಭಾಷ್ಯ ಬರೆದವರ ಹೆಸರಿನ ಕೃತಿಯಲ್ಲಿ ಇಷ್ಟು ಹಸಿಯಾದ ಮಾತು ಇರುವುದನ್ನು ಕಂಡು ಸಂಕೋಚಪಡುವ ವ್ಯಾಖ್ಯಾನಕಾರರೂ ಉಂಟು. ಅವರ ಗೊಡವೆ ಬೇಡ.

ಈಗ ಅಲಂಕಾರಶಾಸ್ತ್ರದ ಕಡೆಗೆ ಒಂದು ಗಳಿಗೆ ತಿರುಗಬೇಕು. ವಸ್ತುವನ್ನು ಇದ್ದಂತೆ, ಅದಕ್ಕೇ ವಿಶಿಷ್ಟವಾದ ಕ್ರಿಯೆ ರೂಪಗಳೊಡನೆ ಹೇಳುವುದಕ್ಕೆ ಸ್ವಭಾವೋಕ್ತಿಯೆಂದು ಹೆಸರು. ದಂಡಿಯು ಅದಕ್ಕೆ ‘ಜಾತಿ’ಯೆಂಬ ಇನ್ನೊಂದು ಹೆಸರನ್ನೂ ಹೇಳಿ, ಅಲಂಕಾರಗಳ ಸಾಲಿನಲ್ಲಿ ಅಗ್ರಸ್ಥಾನವನ್ನು ಕೊಟ್ಟನು. ಕುಂತಕನಿಗೆ ಇದು ಒಪ್ಪಿಗೆಯಾಗಲಿಲ್ಲ. ಸ್ವಭಾವವೇ ಕಾವ್ಯಶರೀರವಾದ ಬಳಿಕ, ಅದನ್ನು ಹೇಳುವುದನ್ನೇ ಅಲಂಕಾರವೆಂದರೆ ಅಲಂಕರಿಸಬೇಕಾದುದು ಮತ್ತೇನು ಉಳಿಯಿತು, ಯಾರಾದರೂ ತನ್ನ ಹೆಗಲ ಮೇಲೆ ತಾನೇ ಏರಬಲ್ಲರೆ ಎಂಬುದು ಆತನ ಆಕ್ಷೇಪದ ತಿರುಳು. ಪ್ರಮದೆಯರ ಸೌಂದರ್ಯವನ್ನೂ ಅರಸರ ಪರಾಕ್ರಮವನ್ನೂ ವರ್ಣಿಸುವ ಕಾವ್ಯದಲ್ಲಿ ಈ ಆಕ್ಷೇಪವು ಬಲವತ್ತರವಾದುದೇ. ಆದರೆ ಗೃಹಿಣಿಯ ಜೀವನವೆಂಬ ವಸ್ತುವಿನಲ್ಲಿ ಪರಿಸ್ಥಿತಿಯೇ ತಲೆಕೆಳಗಾಗಿದೆ. ಅಲ್ಲಿ ಶರೀರವನ್ನು ಯಾರೂ ಕಂಡಿಲ್ಲ. ನೂರಾರು ವರ್ಷ ಕಂಡದ್ದು ಒಡವೆಯನ್ನು ಮಾತ್ರ. ಬೆಳಗಿನ ಜಾವದ ಕಸಮುಸುರೆ, ಒಲೆ ಊದಿ ಕೆಂಪಾದ ಕಣ್ಣು, ಮಡಿಯ ಸೀರೆ ಒಣಗಲಿಲ್ಲವೆಂಬ ಆತಂಕ, ಗಂಡಸರ ಊಟವಾದ ಮೇಲೆ ತಪ್ಪಲೆಯ ತಳದಲ್ಲಿ ಉಳಿದ ಹುಳಿ ಇವು ಕಾವ್ಯಕ್ಕೆ ಬಾರದೆ ಹೋಗಿ, ಅನ್ನಪೂರ್ಣೆಯೆಂಬ ರೂಪಕವೊಂದೇ ಬಂದಿತು. ಆದಕಾರಣ ಈ ವಿಷಯದಲ್ಲಿ ದಂಡಿಯ ಪಕ್ಷವನ್ನು ಹಿಡಿಯುವುದೇ ಸರಿಯೆಂದು ತೋರುತ್ತದೆ.

ಕನ್ನಡದಲ್ಲಿ ಇಂತಹ ಸ್ವಭಾವೋಕ್ತಿಯ ಮಾತೃಸ್ಮರಣೆ ಇದೆಯೆ? ಉಂಟು, ಆದರೆ ಅದು ಸ್ಮರಣಸಂಚಿಕೆಗಳಲ್ಲಿಲ್ಲ, ಕಾದಂಬರಿಯಲ್ಲಿದೆ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವು 1970ರಲ್ಲಿ ಪ್ರಕಟವಾಯಿತು. 1996ರಲ್ಲಿ ಬಂದ ಅವರ ಆತ್ಮವೃತ್ತಾಂತವಾದ ‘ಭಿತ್ತಿ’ಯನ್ನು ಇದರೊಡನೆ ಇಟ್ಟು ಓದಿದವರಿಗೆ, ಕಾದಂಬರಿಯ ನಂಜಮ್ಮನ ಹಿಂದೆ ಲೇಖಕರ ತಾಯಿ ಗೌರಮ್ಮನವರ ನೆರಳಿರುವುದು ತಿಳಿಯುತ್ತದೆ. ನಂಜಮ್ಮ ಎಂಬುದು ನಮ್ಮ ಸೀಮೆಯಲ್ಲಿ ಮನೆಮನೆಯ ಹೆಸರು. ನಂಜುಂಡನ ಹೆಸರೇ ಹೆಣ್ಣುಮಕ್ಕಳಿಗೆ ಹೀಗೆ ಬಂದದ್ದು. ಕಾದಂಬರಿಯ ನಂಜಮ್ಮನ ಗಂಡ ಚೆನ್ನಿಗರಾಯನು ಶಾನುಭೋಗ. ಆದರೆ ಲೆಕ್ಕ ಬರೆಯಲು ಬಲ್ಲವಳು ಹೆಂಡತಿ. ಪುಸ್ತಕದಲ್ಲಿ ಅಕ್ಷರವು ಆಕೆಯದು, ಪದವಿಯೂ ಪೋಟಿಗೆಯೂ ಆತನದು. ಅದೂ ಸಾಲದೆ ಮುತ್ತುಗದ ಎಲೆಯನ್ನು ತಂದು, ಹಚ್ಚಿ, ಕಟ್ಟು ಕಟ್ಟಿ ಮಾರಿ ಮಕ್ಕಳ ಹೊಟ್ಟೆ ಹೊರೆಯುತ್ತಾಳೆ. ಬಾಯಿ ಹರಿದ ಅತ್ತೆ ಗಂಗಮ್ಮ, ಹೊಣೆಯರಿಯದ ಮೈದುನ, ಮನೆಮಾರು ಕೈಬಿಟ್ಟು ಹೋಗುವುದು ಇವೆಲ್ಲವೂ ನಡೆದು, ಬೆಳೆದ ಇಬ್ಬರು ಮಕ್ಕಳನ್ನು ಪ್ಲೇಗು ಕೊಂಡೊಯ್ಯುತ್ತದೆ. ಕಡೆಗೆ ಅದೇ ರೋಗವು ಆಕೆಯನ್ನೂ. ಉಳಿದ ಮಗ ವಿಶ್ವನನ್ನು ಮಹಾದೇವಯ್ಯನವರೆಂಬ ಭಿಕ್ಷಾವೃತ್ತಿಯ ಜಂಗಮರು ಕರೆದುಕೊಂಡು ಊರನ್ನು ಬಿಡುತ್ತಾರೆ.

ಈ ಕೃತಿಯ ಮಹತ್ತ್ವವು ಎಲ್ಲಿದೆಯೆಂದರೆ, ಇಷ್ಟು ಕಷ್ಟವನ್ನು ಹೇಳುವಾಗಲೂ ಲೇಖಕರು ನಂಜಮ್ಮನನ್ನು ‘ಸಹನಾಮೂರ್ತಿ’ಯೆಂದು ಹೊಗಳಲು ನಿಲ್ಲುವುದಿಲ್ಲ. ಎಲೆಯ ಕಟ್ಟಿಗೆ ಎಷ್ಟು ಬಂದಿತು, ಕಂದಾಯದ ಲೆಕ್ಕವು ಯಾವಾಗ ಮುಗಿಯಬೇಕು, ರಾಗಿಯು ಎಷ್ಟು ದಿನಕ್ಕೆ ಸಾಕು ಎಂಬ ಚಿಂತೆಯಲ್ಲಿಯೇ ಆಕೆಯ ದಿನಗಳು ನಡೆಯುತ್ತವೆ. ವಾಚಕನಿಗೆ ಕರುಣೆಯ ಜೊತೆಗೆ ಕೋಪವೂ ಬರುವುದು ಇದರಿಂದ. ಲೇಖಕರು ಕೋಪಿಸಿಕೊಳ್ಳದೆ ಬರೆದುದರಿಂದ ಕೋಪವು ಓದುವವನ ಪಾಲಿಗೆ ಉಳಿಯಿತು. ಇಡೀ ಕೃತಿಯು ಒಂದೇ ಶ್ರುತಿಯಲ್ಲಿ ಸಾಗುವುದೆಂಬ, ಚೆನ್ನಿಗರಾಯನಲ್ಲಿ ಮನುಷ್ಯತ್ವದ ಎಳೆಯೊಂದನ್ನಾದರೂ ತೋರಬಹುದಾಗಿತ್ತೆಂಬ ಆಕ್ಷೇಪವನ್ನು ಯಾರಾದರೂ ಎತ್ತಿದರೆ ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಮಗನ ಕಣ್ಣಿನಿಂದ ಕಂಡ ಗಂಡನು ಬೇರೆ ಹೇಗೆ ತಾನೆ ಕಂಡಾನು?

ನಂಜನಗೂಡು ತಾಲ್ಲೂಕಿನ ದೇವನೂರಿನವರೇ ಆದ ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನೆಂಬ ತಾಯಿಯಿದ್ದಾಳೆ. ಶ್ರದ್ಧಾಂಜಲಿಯ ಭಾಷೆಯು ಈಕೆಯ ಬಳಿ ಸುಳಿಯಲಾರದು. ಕಳೆದುಹೋದ ಹುಂಜವನ್ನು ಹುಡುಕುತ್ತ ಊರೆಲ್ಲ ಅಲೆಯುವ ಮುದುಕಿ. ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ತಿನ್ನುವ ರಾತ್ರಿಯ ಯಜಮಾನಿ. ಭೈರಪ್ಪನವರ ನಂಜಮ್ಮನಿಗೆ ಅಕ್ಷರವಾದರೂ ಇತ್ತು. ಈಕೆಗೆ ಅದೂ ಇಲ್ಲ. ಆದರೆ ಈ ನೆಲದ ಆಡುಮಾತಿನಲ್ಲಿಯೇ ಆಕೆಯನ್ನು ನಿಲ್ಲಿಸಿದುದರಿಂದ, ಒಂದು ಹುಂಜಕ್ಕಾಗಿ ಆಕೆಯು ಪಡುವ ಪಾಡಿನಲ್ಲಿಯೇ ಒಂದು ಸಂಸಾರದ ಹಸಿವೂ ಅಭಿಮಾನವೂ ಕಾಣುತ್ತವೆ. ಗ್ರಂಥಸ್ಥ ಕನ್ನಡದಲ್ಲಿ ಪಳಗಿದ ಕಿವಿಗೆ ಆ ಭಾಷೆಯು ಮೊದಲು ಒರಟಾಗಿ ಕೇಳುವುದು ಸಹಜ. ಎರಡು ಪುಟ ಕಳೆಯುವುದರೊಳಗೆ, ಸಾಕವ್ವನನ್ನು ಬೇರೆ ಭಾಷೆಯಲ್ಲಿ ಹೇಳಲಾಗದೆಂಬುದು ಮನವರಿಕೆಯಾಗುತ್ತದೆ.

ಮತ್ತೆ ಮೋನಿಕಳ ವಿಷಯಕ್ಕೆ ಬರಬೇಕು. ಏಕೆಂದರೆ ಅಗಸ್ಟೀನನ ಬರಹದಲ್ಲಿ ದೋಷವಿಲ್ಲವೆಂದು ಹೇಳಿದರೆ ವಿಮರ್ಶೆಯು ಅರ್ಧವಾಗುವುದು. ಆಕೆಯ ಗಂಡ ಪ್ಯಾಟ್ರಿಷಿಯಸನು ಮುಂಗೋಪಿ, ಪರಸ್ತ್ರೀಲಂಪಟ. ಆತನು ಸಿಟ್ಟಿಗೆದ್ದಾಗ ಆಕೆಯು ಎದುರಾಡುತ್ತಿರಲಿಲ್ಲ. ಗಂಡಂದಿರ ಏಟಿನ ಗುರುತುಗಳನ್ನು ಮುಖದಲ್ಲಿ ಹೊತ್ತ ನೆರೆಹೊರೆಯ ಹೆಂಗಸರು ಬಂದು ದೂರಿಕೊಂಡರೆ, ಮದುವೆಯ ಕರಾರನ್ನು ಓದಿದ ದಿನವೇ ನಾವು ದಾಸಿಯರಾದೆವೆಂದು ತಿಳಿಯಬೇಕೆಂದು ವಿನೋದದಂತೆ ಹೇಳುತ್ತಿದ್ದಳಂತೆ. ಮಗನು ಇದನ್ನು ಜಾಣತನವೆಂದು ಮೆಚ್ಚುತ್ತಾನೆ. ಸೊಸೆಯ ಮೇಲೆ ಚಾಡಿ ಹೇಳಿದ ದಾಸಿಯರನ್ನು ಅತ್ತೆಯು ಮಗನಿಂದ ಹೊಡೆಸಿದ ಬಳಿಕ ಮನೆಯಲ್ಲಿ ಶಾಂತಿ ನೆಲೆಸಿತೆಂಬುದನ್ನೂ ಅದೇ ಸಮಾಧಾನದಿಂದ ಬರೆಯುತ್ತಾನೆ. ಒಬ್ಬ ತಾಯಿಯ ಸ್ಮರಣೆಗೆ ಸಲ್ಲಿದ ಆ ಶಾಂತಿಯ ಬೆಲೆಯನ್ನು ಯಾರ ಬೆನ್ನು ತೆತ್ತಿತೆಂದು ಆತನು ಕೇಳುವುದಿಲ್ಲ. ಸಹನೆಯನ್ನು ಹೊಗಳುವವನು, ಸಹಿಸಬೇಕಾಗಿ ಬಂದ ಕಾರಣಕ್ಕೂ ತಿಳಿಯದೆ ಒಪ್ಪಿಗೆಯನ್ನು ಕೊಟ್ಟುಬಿಡುತ್ತಾನೆ. ನಮ್ಮ ಸ್ಮರಣಸಂಚಿಕೆಗಳಲ್ಲಿ ಈ ದೋಷವು ಇನ್ನೂ ಗಾಢವಾಗಿದೆ. ಅಲ್ಲಿ ಏಟಿನ ಗುರುತೇ ಕಾಣದಂತೆ ಅರಿಸಿನ ಬಳಿಯಲಾಗುತ್ತದೆ. ಅಗಸ್ಟೀನನು ತಪ್ಪಾಗಿ ಮೆಚ್ಚಿದನಾದರೂ ಸಂಗತಿಯನ್ನು ಮರೆಸಲಿಲ್ಲ. ಆದ್ದರಿಂದಲೇ ಸಾವಿರದ ಆರುನೂರು ವರುಷಗಳ ತರುವಾಯ ಓದುವವನು ಆತನೊಡನೆ ಜಗಳವಾಡಲು ಸಾಧ್ಯವಾಗಿದೆ.

ಆಕೆಯು 387ರಲ್ಲಿ, ಆಫ್ರಿಕಾಕ್ಕೆ ಹಿಂದಿರುಗುವ ದಾರಿಯಲ್ಲಿ, ರೋಮಿನ ರೇವುಪಟ್ಟಣವಾದ ಓಸ್ಟಿಯಾದಲ್ಲಿ ಐವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಳು. ಗಂಡನ ಪಕ್ಕದಲ್ಲಿಯೇ ತನಗೂ ಸಮಾಧಿಯಾಗಬೇಕೆಂದು ಮೊದಲೇ ಸ್ಥಳವನ್ನು ಅಣಿಮಾಡಿಸಿಕೊಂಡಿದ್ದವಳು, ಕಡೆಗಾಲದಲ್ಲಿ ದೇಹವನ್ನು ಎಲ್ಲಿಯಾದರೂ ಹೂಳಿರಿ, ದೇವರ ಪೀಠದ ಮುಂದೆ ಮಾತ್ರ ನನ್ನನ್ನು ನೆನೆಯಿರಿ ಎಂದಳು. ಮಗನು ಅಳಬಾರದೆಂದು ಬಿಗಿಹಿಡಿದನು. ಸ್ನಾನವು ದುಃಖವನ್ನು ಕಳೆಯುವುದೆಂದು ಕೇಳಿದ್ದನಾಗಿ ಸ್ನಾನಕ್ಕೆ ಹೋದನು, ಹೋದಂತೆಯೇ ಹಿಂದಿರುಗಿದನು. ನಿದ್ರೆಮಾಡಿ ಎದ್ದ ಮೇಲೆ ಅತ್ತನು. ಅದನ್ನೂ ಬರೆದನು. ಒಂಬತ್ತನೆಯ ಭಾಗದ ಕೊನೆಯಲ್ಲಿ, ಓದುವವರೆಲ್ಲರೂ ಆಕೆಗಾಗಿ ಪ್ರಾರ್ಥಿಸಬೇಕೆಂದು ಬೇಡುವಾಗ, ‘ಮೋನಿಕ’ ಎಂಬ ಹೆಸರನ್ನು ಹೇಳುತ್ತಾನೆ. ಇಡೀ ಗ್ರಂಥದಲ್ಲಿ ಆ ಹೆಸರು ಬರುವುದು ಅಲ್ಲಿ ಒಂದೇ ಬಾರಿ. ತಾಯಿಯ ಹೆಸರನ್ನ ಹಿಡಿದು ಆಡುವುದು ನಮ್ಮವರಿಗೂ ರೂಢಿಯಿಲ್ಲ. ‘ಇಂಥವರ ತಾಯಿ’ ಎಂದೇ ಬಾಳು ಮುಗಿಯುವುದು. ಆ ದೃಷ್ಟಿಯಿಂದ ನೋಡಿದರೆ, ಧಾರವಾಡದ ಬೇಂದ್ರೆಯವರು ತಾಯಿಯ ಹೆಸರನ್ನು ಮುಂದಿಟ್ಟು ಅಂಬಿಕಾತನಯದತ್ತರೆಂದು ಕಾವ್ಯನಾಮವನ್ನು ಕಟ್ಟಿಕೊಂಡುದು ಸಣ್ಣ ಸಂಗತಿಯಲ್ಲ.

ಓಸ್ಟಿಯಾದಲ್ಲಿ 1945ರಲ್ಲಿ ನೆಲವನ್ನು ಅಗೆಯುತ್ತಿದ್ದಾಗ ಮೋನಿಕಳ ಸಮಾಧಿಲೇಖದ ಕಲ್ಲಿನ ತುಂಡೊಂದು ದೊರೆಯಿತು. ಅದರಲ್ಲಿರುವುದು ಪದ್ಯರೂಪವಾದ ಪ್ರಶಂಸೆ: ಸದ್ಗುಣಗಳ ತಾಯಿ, ಮಗನಿಂದ ಧನ್ಯಳಾದವಳು ಎಂಬ ಧಾಟಿಯದು. ಕಲ್ಲಿನಲ್ಲಿ ಕೊರೆದ ಆ ಮಾತಿನಲ್ಲಿ ಮಗನ ಕೀರ್ತಿಯೇ ಎದ್ದು ಕಾಣುತ್ತದೆ. ಬುಟ್ಟಿಯಿಲ್ಲ, ಬಟ್ಟಲಿಲ್ಲ, ಕನಸಿಗೆ ಕೊಟ್ಟ ಉತ್ತರವಿಲ್ಲ. ಒಬ್ಬಳೇ ತಾಯಿಯನ್ನು ಕುರಿತ ಎರಡು ಸ್ಮರಣೆಗಳು ಹೀಗೆ ಪಕ್ಕಪಕ್ಕದಲ್ಲಿ ದೊರೆತಿರುವುದು ವಿಮರ್ಶಕನಿಗೆ ಒಂದು ಭಾಗ್ಯವೇ ಸರಿ.

ಇಷ್ಟಾದರೂ ಒಂದು ಪ್ರಶ್ನೆಯು ಉಳಿಯುತ್ತದೆ. ಇಲ್ಲಿಯವರೆಗೆ ಹೇಳಿದ ಬರಹಗಳೆಲ್ಲವೂ ಗಂಡಸರವು. ಅಗಸ್ಟೀನನಿಗೆ ಒಬ್ಬ ಸೋದರಿಯಿದ್ದಳು. ವಿಧವೆಯಾದ ಬಳಿಕ ಹಿಪ್ಪೋ ನಗರದ ಸನ್ಯಾಸಿನಿಯರ ಮಠಕ್ಕೆ ಮುಖ್ಯಸ್ಥೆಯಾಗಿದ್ದಳೆಂದು ಇತರ ಆಧಾರಗಳಿಂದ ತಿಳಿಯುತ್ತದೆ. ತಾಯಿಯ ಮರಣವನ್ನು ಅಷ್ಟು ವಿವರವಾಗಿ ಹೇಳಿದ ಗ್ರಂಥದಲ್ಲಿ ಸೋದರನ ಪ್ರಸ್ತಾಪವು ಬರುತ್ತದೆ, ಮಗನ ಅಳುವು ಬರುತ್ತದೆ. ಆ ಸೋದರಿಯ ಸುದ್ದಿಯೇ ಇಲ್ಲ. ನಮ್ಮ ನಂಜನಗೂಡಿನಲ್ಲಿ 1887ರಲ್ಲಿ ಹುಟ್ಟಿದ ತಿರುಮಲಾಂಬನವರು ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡು, 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ‘ಸುಶೀಲೆ’ ಮೊದಲಾದ ಕಾದಂಬರಿಗಳನ್ನು ಬರೆದರು. ಬರೆಯಬಲ್ಲ ಮಗಳೊಬ್ಬಳು ಕಡೆಗೂ ದೊರೆತಳೆಂದು ಆಸೆಯಿಂದ ತೆರೆದರೆ, ಆ ಪುಟಗಳಲ್ಲಿ ಕಾಣುವುದು ಹೆಚ್ಚಾಗಿ ಆದರ್ಶಗೃಹಿಣಿಯರು. 1982ರವರೆಗೆ ಬಾಳಿದ ಆ ಲೇಖಕಿಯ ಜೀವನವು ಅವರ ನಾಯಿಕೆಯರ ಜೀವನಕ್ಕಿಂತ ಹೆಚ್ಚು ಸ್ವತಂತ್ರವಾದುದು, ವಿಚಿತ್ರವಾದುದು. ಕಾಲವು ಅವರಿಂದ ಕೇಳಿದ್ದು ಆದರ್ಶವನ್ನು. ಅವರು ಅದನ್ನೇ ಕೊಟ್ಟರು. ಅದಕ್ಕಾಗಿ ಅವರನ್ನು ದೂಷಿಸುವುದು ನ್ಯಾಯವಲ್ಲ.

ಮಗಳ ಬಾಯಿಂದ ಬಂದ ಮಾತೃಸ್ಮರಣೆಯು ಕನ್ನಡದಲ್ಲಿ ಮೊದಲು ಹೇರಳವಾಗಿ ಅಚ್ಚಾದುದು 1931ರಲ್ಲಿ, ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ಎಂಬ ಪುಸ್ತಕದಲ್ಲಿ. ಬೀಸುವ ಕಲ್ಲಿನ ಮುಂದೆ ಕುಳಿತು ತವರನ್ನೂ ಹಡೆದವಳನ್ನೂ ನೆನೆದು ಹೇಳಿದ ತ್ರಿಪದಿಗಳು ಅವು. ಅವುಗಳಲ್ಲಿ ತಾಯಿಯು ದೇವತೆಯಾಗುವುದೂ ಉಂಟು. ಆದರೆ ಆ ದೇವತೆಯ ಕೈಯಲ್ಲಿ ಎಣ್ಣೆಯ ಬಟ್ಟಲೋ ಬುತ್ತಿಯ ಗಂಟೋ ಇದ್ದೇ ಇರುತ್ತದೆ. ಹಾಡಿದವರ ಹೆಸರುಗಳು ಪುಸ್ತಕಕ್ಕೆ ಬರಲಿಲ್ಲ. ಕಪಿಲೆಯ ಎರಡು ದಡಗಳಲ್ಲಿಯೂ ಇಂತಹ ಹಾಡುಗಳು ಬಾಯಿಂದ ಬಾಯಿಗೆ ಬಂದಿವೆ. ರಾಗಿಕಲ್ಲು ಮೂಲೆ ಸೇರಿ, ಊರೂರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಅವನ್ನು ಹೇಳುವವರು ವಿರಳವಾಗಿದ್ದಾರೆ. ಹೆಮ್ಮರಗಾಲದ ಜಗುಲಿಗಳಲ್ಲಿ ಹಾಡು ಬಲ್ಲ ಅಜ್ಜಿಯರು ಇನ್ನೂ ಕುಳಿತಿದ್ದರೆ, ಅವರು ತಮ್ಮ ತಾಯಂದಿರನ್ನು ಏನೆಂದು ನೆನೆಯುವರೆಂಬುದನ್ನು, ತಿದ್ದದೆ, ಇದ್ದಂತೆಯೇ ಬರೆದಿಟ್ಟುಕೊಳ್ಳುವ ಕೆಲಸವು ಜಿಲ್ಲೆಯ ಸಾಹಿತ್ಯಾಸಕ್ತರ ಪಾಲಿಗಿದೆ.